ಬರೆಯುವ ಪುಸ್ತಕ ತೆಗೆದರೆ ಮೇಜು ತಳ್ಳುತ್ತಾನೆ, ಮೂಲೆಗೆ ಕಳಿಸಿದಷ್ಟೂ ಜಾಸ್ತಿ ಆಗುತ್ತಿದೆ

ಸೀಮೆಸುಣ್ಣ

ವಿಶೇಷ ಮಕ್ಕಳ ತರಗತಿ. 7 ಮಕ್ಕಳು, ನಾನು, ಒಬ್ಬ ಸಹಾಯಕಿ. ಅವರಲ್ಲಿ 9 ವರ್ಷದ ಹುಡುಗನೊಬ್ಬನಿಗೆ ಆಟಿಸಂ ಇದೆ. 15–20 ಪದ ಆಡುತ್ತಾನೆ, ಮಾತಿಗಿಂತ ಚಿತ್ರ ತೋರಿಸಿದರೆ ಬೇಗ ಅರ್ಥ ಮಾಡಿಕೊಳ್ಳುತ್ತಾನೆ. ಬರೆಯುವ ಪುಸ್ತಕ ಮುಂದಿಟ್ಟರೆ ಸಾಕು, ಮೇಜು ತಳ್ಳುತ್ತಾನೆ, ಪೆನ್ಸಿಲ್ ಎಸೆಯುತ್ತಾನೆ, ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಾನೆ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಅವರ ಕೂದಲಿಗೆ ಕೈ ಹಾಕುತ್ತಾನೆ.

ಇದುವರೆಗೆ ಮಾಡಿದ್ದು ಇಷ್ಟು. ಹಿಂದಿನ ಮೂಲೆಯಲ್ಲಿ ಚಾಪೆ ಹಾಕಿ 5 ನಿಮಿಷ ಕೂರಿಸುವುದು: ಎರಡೇ ನಿಮಿಷಕ್ಕೆ ತಣ್ಣಗಾಗುತ್ತಾನೆ, ವಾಪಸ್ ಕರೆತಂದರೆ ಮತ್ತೆ ಶುರು. ಸ್ಟಾರ್ ಚಾರ್ಟ್: ದಿನಪೂರ್ತಿ ಚೆನ್ನಾಗಿದ್ದರೆ ಕೊನೆಗೆ ಒಂದು ಸ್ಟಾರ್, 5 ಸ್ಟಾರ್ ಆದರೆ ಆಟಿಕೆ, ನಾಲ್ಕು ದಿನಕ್ಕೆ ಚಾರ್ಟನ್ನೇ ಕಿತ್ತು ಹಾಕಿದ. ಗಟ್ಟಿಯಾಗಿ ‘ಹಾಗೆಲ್ಲ ಮಾಡಬಾರದು’ ಅಂದರೆ ಒಮ್ಮೊಮ್ಮೆ ನಗುತ್ತಾನೆ. ಚಾಪೆಯಲ್ಲಿ ಕೂರಿಸುವ ಹೊತ್ತನ್ನು 10 ನಿಮಿಷ ಮಾಡಬೇಕೋ, ಬೇರೆ ಏನಾದರೂ ಮಾಡಬೇಕೋ ತಿಳಿಯುತ್ತಿಲ್ಲ.

ಹಗಲುದೀಪ

ಹೊತ್ತು ಹೆಚ್ಚಿಸಬೇಡಿ ಮೇಡಂ. ನೀವು ಬರೆದಿರುವುದನ್ನು ಹುಡುಗನ ಕಡೆಯಿಂದ ಓದಿ ನೋಡಿ: ಪುಸ್ತಕ ಬಂತು, ಮೇಜು ತಳ್ಳಿದೆ, ಪುಸ್ತಕ ಹೋಯಿತು, ಸಮಾಧಾನವಾಗಿ ಕೂರಲು ಚಾಪೆ ಸಿಕ್ಕಿತು. ನಿಮಗೆ ಅದು ಶಿಕ್ಷೆ, ಅವನಿಗೆ ರಜೆ. 5 ನಿಮಿಷದ ರಜೆ 10 ನಿಮಿಷ ಆದರೆ ಮೇಜು ತಳ್ಳಲು ಇನ್ನೂ ಒಳ್ಳೆಯ ಕಾರಣ ಸಿಕ್ಕಂತಾಯಿತು.

ಆದರೆ ಇದು ಸದ್ಯಕ್ಕೆ ನನ್ನ ಊಹೆ ಮಾತ್ರ, ಊಹೆ ಇಟ್ಟುಕೊಂಡು ಯೋಜನೆ ಮಾಡಬಾರದು. ಮೊದಲು 5 ದಿನ ಎಬಿಸಿ ದಾಖಲೆ ಬರೆಯಿರಿ. ಮೂರು ಅಂಕಣ: ಮುಂಚೆ ಏನಿತ್ತು, ಏನು ಮಾಡಿದ, ಆಮೇಲೆ ಅರ್ಧ ನಿಮಿಷದಲ್ಲಿ ಏನಾಯಿತು. ಗಂಟೆ-ನಿಮಿಷ ಬೇಕೇ ಬೇಕು. ನಡುವಿನ ಅಂಕಣದಲ್ಲಿ ಕಣ್ಣಿಗೆ ಕಂಡದ್ದು ಮಾತ್ರ ಇರಲಿ. ‘ಹಠ ಮಾಡಿದ’, ‘ಸಿಟ್ಟು ಬಂತು’ ಎಂದು ಬರೆದರೆ ಆ ಸಾಲು ವ್ಯರ್ಥ. ಹೀಗಿರಲಿ:

‘10:42. ನಾಲ್ಕು ಗೆರೆ ಪುಸ್ತಕ ಇಟ್ಟು “ಬರಿ” ಅಂದೆ. 35 ಸೆಕೆಂಡ್ ಆದ ಮೇಲೆ ಎರಡು ಕೈಯಿಂದ ಮೇಜು ತಳ್ಳಿದ, ಎಡ ಮಣಿಕಟ್ಟು ಕಚ್ಚಿದ, ಹಲ್ಲಿನ ಗುರುತು ಇದೆ, ಚರ್ಮ ಒಡೆದಿಲ್ಲ. ಸಹಾಯಕಿ ಪುಸ್ತಕ ತೆಗೆದು ಚಾಪೆಗೆ ಕರೆದುಕೊಂಡು ಹೋದರು. 10:45ಕ್ಕೆ ಸುಮ್ಮನಾದ.’

ಹೀಗೆ 10–15 ಘಟನೆ ಸೇರಿದರೆ ವಿಷಯ ತಾನಾಗಿಯೇ ಕಾಣುತ್ತದೆ. ಮಕ್ಕಳ ಇಂಥ ವರ್ತನೆಯ ಹಿಂದೆ ಸಾಮಾನ್ಯವಾಗಿ ನಾಲ್ಕು ಕಾರಣ ನೋಡುತ್ತೇವೆ: ಕೆಲಸದಿಂದ ತಪ್ಪಿಸಿಕೊಳ್ಳಲು, ಯಾರಾದರೂ ಗಮನ ಕೊಡಲೆಂದು, ಬೇಕಾದ ವಸ್ತು ಪಡೆಯಲು, ಇಲ್ಲವೇ ಮೈಗೆ ಸಿಗುವ ಅನುಭವಕ್ಕಾಗಿ. ಒಂದೇ ವರ್ತನೆಗೆ ಎರಡು ಕಾರಣ ಇರುವುದೂ ಉಂಟು. ಮೇಜು ತಳ್ಳುವುದು ತಪ್ಪಿಸಿಕೊಳ್ಳಲು, ಕೂದಲು ಹಿಡಿಯುವುದು ಗಮನಕ್ಕೆ ಆಗಿದ್ದರೆ ಎರಡಕ್ಕೂ ಒಂದೇ ಮದ್ದು ಹಿಡಿಯುವುದಿಲ್ಲ. ಆದ್ದರಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ಗುರುತು ಹಾಕಿ.

ಓಟಿ ಟಿಪ್ಪಣಿ

ಓಟಿ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸ ಮಾಡಲು ನೆರವಾಗುವ ಚಿಕಿತ್ಸೆ) ಕಡೆಯಿಂದ ಹೇಳುವುದಾದರೆ, ಈ 5 ದಿನದಲ್ಲೇ ಇನ್ನೆರಡು ವಿಷಯ ನೋಡಿಬಿಡಿ.

ಒಂದು, ನೋವು. ಮಾತು ಕಡಿಮೆ ಇರುವ ಮಗುವಿನ ವರ್ತನೆ ಇದ್ದಕ್ಕಿದ್ದಂತೆ ಹೆಚ್ಚಾದರೆ ಹಲ್ಲು, ಕಿವಿ, ಮಲಬದ್ಧತೆ, ನಿದ್ರೆ, ಹೊಸದಾಗಿ ಶುರುವಾದ ಅಥವಾ ಬದಲಾದ ಮಾತ್ರೆ, ಇವನ್ನು ಮನೆಯವರ ಮೂಲಕ ವೈದ್ಯರ ಹತ್ತಿರ ತೋರಿಸಿಯೇ ಮುಂದೆ ಹೋಗಬೇಕು. ನೋವಿಗೆ ಟೈಮ್‌ಟೇಬಲ್ ಇರುವುದಿಲ್ಲ. ಊಟದ ಹೊತ್ತು, ರಜೆಯ ದಿನ, ಮೆಚ್ಚಿನ ಆಟದ ನಡುವೆಯೂ ಕಚ್ಚಿಕೊಳ್ಳುತ್ತಿದ್ದರೆ ಅನುಮಾನ ಪಡಿ. ಘಟನೆಗೆ ಮುಂಚೆ ಕೆಲವು ಸೆಕೆಂಡ್ ಶೂನ್ಯದತ್ತ ನೋಡುತ್ತಾ ಕರೆದರೂ ಓಗೊಡದಿದ್ದರೆ ಅದನ್ನೂ ಬರೆದು ವೈದ್ಯರಿಗೆ ತೋರಿಸಿ, ಫಿಟ್ಸ್ ಇರಬಹುದು.

ಇನ್ನೊಂದು, ಅವನಿಗೆ ಬೇಡವಾಗಿರುವುದು ‘ಕೆಲಸ’ವೋ ‘ಬರೆಯುವುದೋ’? ಅದೇ ಪಾಠವನ್ನು ಅಕ್ಷರದ ಬಿಲ್ಲೆ ಜೋಡಿಸಿಯೋ ಅಚ್ಚು ಒತ್ತಿಯೋ ಮಾಡಲು ಕೊಡಿ. ಸುಮ್ಮನೆ ಮಾಡಿದರೆ ತೊಂದರೆ ಇರುವುದು ಬೆರಳಿನಲ್ಲಿ. ಪೆನ್ಸಿಲ್ ಹಿಡಿದಾಗ ಉಗುರಿನ ತುದಿ ಬಿಳಿಚಿಕೊಳ್ಳುತ್ತದೆಯೇ, ಹಾಳೆಯ ಹಿಂಬದಿಗೂ ಅಚ್ಚು ಬೀಳುವಷ್ಟು ಒತ್ತುತ್ತಾನೆಯೇ, ಎರಡನೇ ಸಾಲಿಗೆ ಭುಜ ಮೇಲೇರುತ್ತದೆಯೇ ನೋಡಿ. ಹೌದಾದರೆ ದಪ್ಪ ತುಂಡು ಕ್ರೇಯಾನ್ (3–4 ಸೆಂಟಿಮೀಟರ್ ಉದ್ದದ್ದು, ತುಂಡು ಚಿಕ್ಕದಿದ್ದರೆ ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ), ಇಳಿಜಾರಿನ ಹಲಗೆ, ದೊಡ್ಡ ಗೆರೆ. ಪಾದ ನೆಲಕ್ಕೆ ತಾಗದೆ ನೇತಾಡುತ್ತಿದ್ದರೆ ಕೆಳಗೊಂದು ಮಣೆ ಇಡಿ. ಬಹಳ ತರಗತಿಗಳಲ್ಲಿ ಈ ಮಣೆಯೊಂದೇ ಇರುವುದಿಲ್ಲ.

ಮೂರನೇ ಬೆಂಚು

ಸ್ಟಾರ್ ಚಾರ್ಟ್ ಕೆಟ್ಟದ್ದಲ್ಲ, ನೀವು ಕೊಟ್ಟ ರೀತಿಯಲ್ಲಿ ಅದು ನಡೆಯಲು ಸಾಧ್ಯವಿರಲಿಲ್ಲ. ಬೆಳಿಗ್ಗೆ ಮಾಡಿದ್ದಕ್ಕೆ ಸಂಜೆ ಸ್ಟಾರ್, ಆಟಿಕೆಗೆ ಐದು ದಿನ. ಪುಸ್ತಕ ಮುಂದಿಟ್ಟರೆ ತಾಳಿಕೊಳ್ಳಲಾಗದ ಹುಡುಗನಿಗೆ ಐದು ದಿನದ ಲೆಕ್ಕ ಹೇಗೆ ಸಿಗಬೇಕು? ಅದರ ಮೇಲೆ ‘ದಿನಪೂರ್ತಿ’ ಎಂಬ ಷರತ್ತು ಬೇರೆ. 10:42ಕ್ಕೆ ಒಮ್ಮೆ ತಳ್ಳಿದ ಮೇಲೆ ಉಳಿದ ದಿನ ಚೆನ್ನಾಗಿದ್ದು ಅವನಿಗೆ ಆಗುವ ಲಾಭವೇನು?

ಟೋಕನ್ ಬೋರ್ಡ್ ಮಾಡಿ, ಅಂದರೆ ಕೆಲಸ ಮಾಡಿದಾಗಲೆಲ್ಲ ಒಂದೊಂದು ಬಿಲ್ಲೆ (ಟೋಕನ್) ಅಂಟಿಸುವ ಹಲಗೆ, ತುಂಬಿದರೆ ಬಹುಮಾನ. 5 ಜಾಗ, ಆದರೆ 4 ಟೋಕನ್ ಮೊದಲೇ ಅಂಟಿಸಿರಬೇಕು. ಒಂದು ಸಣ್ಣ ಕೆಲಸ, ಐದನೆಯ ಟೋಕನ್, ಕೂಡಲೇ ಬಹುಮಾನ. ಎರಡು ದಿನ ಬಿಟ್ಟು 3 ಅಂಟಿಸಿ ಶುರು ಮಾಡಿ, ಹಾಗೇ ಇಳಿಸುತ್ತಾ ಬನ್ನಿ. ಕೊಟ್ಟ ಟೋಕನ್ ಯಾವ ಕಾರಣಕ್ಕೂ ವಾಪಸ್ ಕಿತ್ತುಕೊಳ್ಳಬೇಡಿ. ಚಾರ್ಟ್ ಹರಿಯುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಬಹುಮಾನ ಯಾವುದೆಂದು ನೀವು ತೀರ್ಮಾನಿಸಬೇಡಿ. ಐದು ವಸ್ತು ಸಾಲಾಗಿ ಇಡಿ, ಒಂದನ್ನು ಆರಿಸಿಕೊಂಡು ಅರ್ಧ ನಿಮಿಷ ಆಡಲಿ, ಅದನ್ನು ಸಾಲಿನಿಂದ ತೆಗೆಯಿರಿ, ಉಳಿದವನ್ನು ಜಾಗ ಬದಲಿಸಿ ಮತ್ತೆ ಇಡಿ. ಕೊನೆಯ ತನಕ ಹೀಗೇ. ಮೂರು ಸಲ ಮಾಡಿದರೆ ಮೇಲಿಂದ ಕೆಳಗೆ ಪಟ್ಟಿ ಸಿಗುತ್ತದೆ. ಜಾಗ ಬದಲಿಸದಿದ್ದರೆ ಬಲತುದಿಯಲ್ಲಿ ಇರುವುದನ್ನೇ ತೆಗೆಯುವ ಮಕ್ಕಳು ಇರುತ್ತಾರೆ.

ಹಗಲುದೀಪ

ಬಹುಮಾನ ಆರಿಸುವ ವಿಧಾನ ಸರಿಯಾಗಿದೆ. ಆದರೆ ಟೋಕನ್ ಈಗಲೇ ಬೇಡ ಅನ್ನುತ್ತೇನೆ. ತಪ್ಪಿಸಿಕೊಳ್ಳಲು ತಳ್ಳುತ್ತಿರುವ ಹುಡುಗನಿಗೆ ಮೊದಲು ಬೇಕಾಗಿರುವುದು ‘ಸಾಕು’ ಅನ್ನಲು ಒಂದು ದಾರಿ. ಅದಿಲ್ಲದೆ ಟೋಕನ್ ಇಟ್ಟರೆ ಬೋರ್ಡೂ ಪೆನ್ಸಿಲ್ ಜೊತೆಗೇ ಹಾರುತ್ತದೆ. ದಾಖಲೆ ಬರಲಿ.

ಸೀಮೆಸುಣ್ಣ

5 ದಿನದ ದಾಖಲೆ ಬಂತು. ಒಟ್ಟು 14 ಘಟನೆ. 11 ಬರೆಯುವಾಗ, 2 ಟ್ಯಾಬ್ ವಾಪಸ್ ತೆಗೆದುಕೊಂಡಾಗ, 1 ಜೋರಾಗಿ ಗಂಟೆ ಹೊಡೆದಾಗ. ಬರೆಯುವಾಗಿನ 11ರಲ್ಲಿ ಪುಸ್ತಕ ಇಟ್ಟಲ್ಲಿಂದ ತಳ್ಳುವವರೆಗೆ ಅತಿ ಕಡಿಮೆ 25 ಸೆಕೆಂಡ್, ಅತಿ ಹೆಚ್ಚು 70, ಹೆಚ್ಚಿನವು 40ರ ಆಸುಪಾಸು. ಹನ್ನೊಂದಕ್ಕೂ ಕೊನೆಗೆ ಪುಸ್ತಕ ತೆಗೆದಿದ್ದೇವೆ, 9 ಸಲ ಚಾಪೆ, 2 ಸಲ ಸಹಾಯಕಿ ಪಕ್ಕದಲ್ಲಿ ಕೂತು ಸಮಾಧಾನ ಮಾಡಿದ್ದು. ಕೂದಲು ಹಿಡಿದದ್ದು 3 ಸಲ, ಮೂರೂ ಬರೆಯುವಾಗ, ಪಕ್ಕದ ಮಗು ಕೈಗೆ ಎಟುಕುವಷ್ಟು ಹತ್ತಿರ ಇದ್ದಾಗ. ಒಬ್ಬನೇ ಆಡುವಾಗ ಕಚ್ಚಿಕೊಂಡದ್ದು ಒಮ್ಮೆಯೂ ಇಲ್ಲ. ಅಕ್ಷರದ ಬಿಲ್ಲೆ ಕೊಟ್ಟಾಗ 6 ನಿಮಿಷ ತಕರಾರಿಲ್ಲದೆ ಜೋಡಿಸಿದ. ವೈದ್ಯರು ನೋಡಿದ್ದಾರೆ, ಹಲ್ಲು ಕಿವಿ ಹೊಟ್ಟೆ ಸರಿ ಇದೆ. ಪಾದ ನೆಲಕ್ಕೆ ತಾಗುತ್ತಿರಲಿಲ್ಲ, ಮಣೆ ಇಟ್ಟೆ.

ಹಗಲುದೀಪ

ಇಷ್ಟು ಚೊಕ್ಕವಾದ ದಾಖಲೆ ಅಪರೂಪ. ಬರೆಯುವುದರಿಂದ ತಪ್ಪಿಸಿಕೊಳ್ಳುವುದೇ ಮುಖ್ಯ ಕಾರಣ. ಟ್ಯಾಬ್ ವಿಷಯ ಬೇರೆ, ಆಮೇಲೆ ನೋಡೋಣ.

ಈಗ ಬಿಡುವು ಕಾರ್ಡ್ ಕಲಿಸಿ, ಅಂದರೆ ತಳ್ಳುವ ಬದಲು ‘ಸಾಕು’ ಅನ್ನಲು ಅವನು ನಿಮ್ಮ ಕೈಗೆ ಕೊಡುವ ಕಾರ್ಡ್. 7–8 ಸೆಂಟಿಮೀಟರ್ ಚೌಕದ ದಪ್ಪ ರಟ್ಟು, ಅದರ ಮೇಲೆ ಅವನು ಈಗಾಗಲೇ ಗುರುತಿಸುವ ಒಂದು ಚಿತ್ರ, ಹಿಂದೆ ವೆಲ್ಕ್ರೋ. ಕಾರ್ಡ್ ಅವನ ಮೇಜಿನ ಮೇಲೆ, ಅವನು ಬಳಸುವ ಕೈಯ ಕಡೆ ಅಂಟಿರಬೇಕು. ನಿಮ್ಮ ಜೇಬಿನಲ್ಲಿದ್ದರೆ ಅದು ನಿಮ್ಮ ಕಾರ್ಡ್, ಅವನದಲ್ಲ.

ಕಲಿಸಲು ಇಬ್ಬರು ಬೇಕು. ಒಬ್ಬರು ಎದುರಿಗೆ, ಒಬ್ಬರು ಅವನ ಬೆನ್ನ ಹಿಂದೆ. ಎದುರಿನವರು ಪುಸ್ತಕ ಇಟ್ಟು ಸುಮ್ಮನಿರಬೇಕು. 15 ಸೆಕೆಂಡ್ ಆಗುತ್ತಿದ್ದಂತೆ ಹಿಂದಿನವರು ಒಂದೂ ಮಾತಾಡದೆ ಅವನ ಕೈ ಹಿಡಿದು ಕಾರ್ಡ್ ಕೀಳಿಸಿ ಎದುರಿನವರ ಅಂಗೈಗೆ ಕೊಡಿಸಬೇಕು. ಅವನು ಕೈ ಎಳೆದುಕೊಂಡರೆ ಬಲವಂತ ಬೇಡ, ಕಾರ್ಡನ್ನೇ ಅವನ ಬೆರಳಿನ ಹತ್ತಿರ ತನ್ನಿ. ಎದುರಿನವರು ‘ಬಿಡುವು’ ಎಂದು ಒಂದೇ ಪದ ಹೇಳಿ 3 ಸೆಕೆಂಡಿನೊಳಗೆ ಪುಸ್ತಕ ತೆಗೆಯಬೇಕು. 2 ನಿಮಿಷ ಬಿಡುವು, ಮರಳು ಗಡಿಯಾರ ಮುಂದಿರಲಿ. 15 ಸೆಕೆಂಡ್ ಯಾಕೆಂದರೆ ಅವನು ಅತಿ ಬೇಗ ತಳ್ಳುವುದು 25ಕ್ಕೆ. ತಳ್ಳಿದ ಮೇಲೆ ಕಾರ್ಡ್ ಕೊಡಿಸಿದರೆ ‘ಮೊದಲು ತಳ್ಳಬೇಕು, ಆಮೇಲೆ ಕಾರ್ಡ್ ಕೊಡಬೇಕು’ ಎಂಬ ಸರಪಳಿ ಕಲಿಯುತ್ತಾನೆ. ಒಮ್ಮೆ ಕಲಿತರೆ ಅದನ್ನು ಬಿಡಿಸುವುದು ಬಲು ಕಷ್ಟ.

ದಿನಕ್ಕೆ 10 ಸಲ, 5–5ರಂತೆ ಎರಡು ಹೊತ್ತು. ಸಹಾಯವನ್ನು ಇಳಿಸುತ್ತಾ ಬನ್ನಿ: ಪೂರ್ತಿ ಕೈ ಹಿಡಿಯುವುದು, ಮಣಿಕಟ್ಟಿಗೆ ಮುಟ್ಟುವುದು, ಮೊಣಕೈಗೆ ತಾಗಿಸುವುದು, ಬರೀ ಬೆರಳು ತೋರಿಸುವುದು, ಸುಮ್ಮನೆ ಕಾಯುವುದು. ‘ಕಾರ್ಡ್ ಕೊಡು, ಕಾರ್ಡ್ ಕೊಡು’ ಎಂದು ಬಾಯಲ್ಲಿ ಹೇಳಬೇಡಿ. ಕೈಯ ಸಹಾಯ ಇಳಿಸಬಹುದು, ಮಾತಿಗೆ ಕಾಯುವ ಅಭ್ಯಾಸ ಬಿಡಿಸುವುದು ಸುಲಭವಲ್ಲ. 10ರಲ್ಲಿ 8 ಸಲ ತಾನಾಗಿಯೇ ಕೊಟ್ಟದ್ದು ಮೂರು ದಿನ ಸತತವಾಗಿ ಬಂದರೆ ಮುಂದಿನ ಹಂತ.

ಮೊದಲ ವಾರ ಕಾರ್ಡ್ ಕೊಟ್ಟಾಗಲೆಲ್ಲ ಬಿಡುವು ಕೊಡಲೇಬೇಕು. ದಿನಕ್ಕೆ 30 ಸಲ ಕೊಟ್ಟರೂ 30 ಸಲ. ‘ಈಗಷ್ಟೇ ಕೊಟ್ಟೆನಲ್ಲಪ್ಪಾ’ ಅಂದಿರೋ, ಕಾರ್ಡ್ ಬೆಲೆ ಕಳೆದುಕೊಂಡಿತು, ಮೇಜು ತಳ್ಳುವುದು ಹಳೆಯ ಬೆಲೆಗೆ ಬಂತು. ಆ ವಾರ ಅವನು ಏನೂ ಬರೆಯುವುದಿಲ್ಲ. ಪರವಾಗಿಲ್ಲ, ಈಗಲೂ ಬರೆಯುತ್ತಿಲ್ಲವಲ್ಲ.

ಎರಡನೆಯ ಹಂತದಲ್ಲಿ ಕೆಲಸ ಸೇರಿಸಿ. ‘ಮೊದಲು–ಆಮೇಲೆ’ ಹಲಗೆಯ ಎಡಗಡೆ ಒಂದೇ ಅಕ್ಷರ, ಬಲಗಡೆ ಬಿಡುವಿನ ಚಿತ್ರ. ಒಂದು ಅಕ್ಷರ ಬರೆದ ಮೇಲೆ ಕೊಟ್ಟ ಕಾರ್ಡಿಗೆ ಬಿಡುವು. ಎರಡು ದಿನ ಸರಾಗವಾಗಿ ಹೋದರೆ 2 ಅಕ್ಷರ, ಆಮೇಲೆ 3, 4, 6. ಒಂದೇ ದಿನ ಎರಡು ಸಲ ತಳ್ಳಿದರೆ ಒಂದು ಮೆಟ್ಟಿಲು ಹಿಂದಕ್ಕೆ. ಮುಕ್ಕಾಲು ಪಾಲು ಯೋಜನೆ ಮುರಿಯುವುದು ಇಲ್ಲೇ: ಒಂದು ಅಕ್ಷರ ಬರೆದ ಖುಷಿಯಲ್ಲಿ ಮಾರನೇ ದಿನ ಒಂದು ಪುಟ ಕೊಟ್ಟುಬಿಡುತ್ತಾರೆ.

ಬಿಡುವು ಮುಗಿದು ವಾಪಸ್ ಬಂದ ಕೂಡಲೇ ಪುಸ್ತಕ ಇಡಬೇಡಿ. ‘ಕೈ ತಟ್ಟು’, ‘ಕೆಂಪು ಕೊಡು’, ‘ಮೂಗು ತೋರಿಸು’ ಎಂಬಂಥ ಅವನಿಗೆ ಖಂಡಿತ ಬರುವ ಮೂರು ಮಾತು ಬೇಗ ಬೇಗ ಹೇಳಿ, ಪ್ರತಿಯೊಂದಕ್ಕೂ ಮೆಚ್ಚುಗೆ ಕೊಟ್ಟು, ನಾಲ್ಕನೆಯದಾಗಿ ಬರೆಯುವುದು ತನ್ನಿ. ಬಿಡುವಿನಲ್ಲಿ ಟ್ಯಾಬ್ ಬೇಡವೇ ಬೇಡ. ಟ್ಯಾಬ್ ಕೆಲಸ ಮುಗಿಸಿದ್ದಕ್ಕೆ. ಬಿಡುವೇ ಬಹುಮಾನಕ್ಕಿಂತ ರುಚಿಯಾದರೆ ಯಾರು ಬರೆಯುತ್ತಾರೆ?

ಮೂರನೇ ಬೆಂಚು

ಹಾಗಾದರೆ ಕಾರ್ಡ್ ಕೊಡದೆ ತಳ್ಳಿದರೆ? ಒಂದಿಷ್ಟೂ ಬಿಟ್ಟುಕೊಡಬಾರದು, ಪುಸ್ತಕ ಅಲ್ಲೇ ಇರಬೇಕು ಅನ್ನುವುದು ನನ್ನ ಮಾತು. ಮೂರು ಸಲ ಗಟ್ಟಿ ನಿಂತು ನಾಲ್ಕನೇ ಸಲ ಸೋತರೆ, ‘ನಾಲ್ಕು ಸಲ ತಳ್ಳಬೇಕು’ ಎಂದು ನಾವೇ ಪಾಠ ಮಾಡಿದಂತೆ.

ಹಗಲುದೀಪ

ತತ್ವ ಸರಿ. ಆದರೆ ಒಂದೇ ಸಲಕ್ಕೆ ಬಾಗಿಲು ಮುಚ್ಚಿದರೆ ವರ್ತನೆ ಮೊದಲು ಏರಿ ಆಮೇಲೆ ಇಳಿಯಬಹುದು. ಇದಕ್ಕೆ ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅನ್ನುತ್ತಾರೆ: ಜೋರು ಹೆಚ್ಚುತ್ತದೆ, ಹೊತ್ತು ಹೆಚ್ಚುತ್ತದೆ, ಇದುವರೆಗೆ ಇಲ್ಲದ್ದೂ ಬರಬಹುದು. ಮಣಿಕಟ್ಟು ಕಚ್ಚಿಕೊಳ್ಳುವ, ಕೂದಲು ಹಿಡಿಯುವ ಹುಡುಗನ ವಿಷಯದಲ್ಲಿ, 7 ಮಕ್ಕಳ ನಡುವೆ, ಅದನ್ನು ತಡೆದುಕೊಳ್ಳುವ ಶಕ್ತಿ ಇಬ್ಬರಿಗೆ ಇದೆಯೇ? ಅರ್ಧಕ್ಕೆ ಸೋಲುವುದಾದರೆ ಶುರು ಮಾಡಲೇಬಾರದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ದಾರಿ ಒಂದಿದೆ. ತಳ್ಳಿದರೂ ಬಿಡುವು ಸಿಗಲಿ, ಆದರೆ 20–30 ಸೆಕೆಂಡ್ ಮಾತ್ರ, ಅದೇ ಕುರ್ಚಿಯಲ್ಲಿ, ಮಾತಿಲ್ಲ ನೋಟವಿಲ್ಲ. ಕಾರ್ಡ್ ಕೊಟ್ಟರೆ 2 ನಿಮಿಷ, ಚಾಪೆ, ಪಟ್ಟಿಯಲ್ಲಿ ಎರಡನೇ ಜಾಗದಲ್ಲಿರುವ ಆಟಿಕೆ. ಎರಡರ ನಡುವೆ ಅಂತರ ಎದ್ದು ಕಾಣುವಷ್ಟಿದ್ದರೆ ಮಕ್ಕಳು ಲಾಭದ ಕಡೆಗೇ ಹೊರಳುತ್ತಾರೆ. ಬರ್ಸ್ಟ್‌ನ ಅಪಾಯವೂ ಕಡಿಮೆ.

ಕಾರ್ಡಿನ ಅರ್ಥ ಕಾರಣಕ್ಕೆ ಹೊಂದಲೇಬೇಕು ಅನ್ನುವುದಕ್ಕೆ ಹಳೆಯ ಆಧಾರವೇ ಇದೆ. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ಮಕ್ಕಳಿಗೆ ವರ್ತನೆಯ ಬದಲು ಹೇಳಲು ಒಂದೊಂದು ಮಾತು ಕಲಿಸಿದರು. ಕೆಲಸ ಕಷ್ಟವೆಂದು ಕೆರಳುವ ಮಗುವಿಗೆ ‘ನನಗೆ ಅರ್ಥವಾಗುತ್ತಿಲ್ಲ’ ಎಂಬರ್ಥದ ಮಾತು, ಗಮನ ಬೇಕಾದ ಮಗುವಿಗೆ ‘ನಾನು ಚೆನ್ನಾಗಿ ಮಾಡುತ್ತಿದ್ದೇನೆಯೇ’ ಎಂಬಂಥ ಮಾತು. ಕಾರಣಕ್ಕೆ ಹೊಂದುವ ಮಾತು ಕಲಿಸಿದಾಗ ವರ್ತನೆ ಇಳಿಯಿತು, ಹೊಂದದ ಮಾತು ಕಲಿಸಿದಾಗ ಇಳಿಯಲಿಲ್ಲ. ನಿಮ್ಮ ಹುಡುಗನಿಗೆ ಬಿಡುವು ಕಾರ್ಡ್ ಜೊತೆ ‘ಸಹಾಯ’ ಕಾರ್ಡೂ ಮುಂದೆ ಬೇಕಾದೀತು, ಬೆರಳಿನ ಕಷ್ಟ ಇರುವುದರಿಂದ. ಆದರೆ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ, ಕಲಸಿಕೊಳ್ಳುತ್ತಾನೆ.

ಓಟಿ ಟಿಪ್ಪಣಿ

ಕಾರ್ಡ್ ಕಲಿಯುವ ತನಕ ಯಾರಿಗೂ ಪೆಟ್ಟಾಗಬಾರದಲ್ಲ, ಅದಕ್ಕೆ ಸ್ವಲ್ಪ.

ಅವನ ಮೇಜು ಗೋಡೆಯ ಪಕ್ಕ, ಬಾಗಿಲಿನಿಂದ ದೂರ, ಗಂಟೆಯಿಂದಲೂ ದೂರ. ಪಕ್ಕದ ಮಗು ಅವನು ಕೈ ಚಾಚಿದರೂ ಸಿಗದಷ್ಟು ಆಚೆ. ಬರೆಯುವ ಹೊತ್ತಿಗೆ ಚೂಪು ಪೆನ್ಸಿಲ್ ಬೇಡ.

ಕೂದಲು ಹಿಡಿದರೆ ಎಳೆದು ಬಿಡಿಸಬೇಡಿ, ಬೆರಳು ಇನ್ನೂ ಬಿಗಿಯುತ್ತದೆ. ಅವನ ಮುಷ್ಟಿಯ ಮೇಲೆ ನಿಮ್ಮ ಅಂಗೈ ಇಟ್ಟು ತಲೆಯ ಕಡೆಗೇ ಒತ್ತಿ ಹಿಡಿಯಿರಿ. ಎಳೆತ ನಿಂತರೆ ಆ ಮಗುವಿನ ನೋವು ಅಲ್ಲೇ ಕಡಿಮೆಯಾಗುತ್ತದೆ, ಆಮೇಲೆ ಹಿಡಿತ ಸಡಿಲುವವರೆಗೆ ಕಾಯಿರಿ. ಕೂಗಬೇಡಿ, ಬುದ್ಧಿ ಹೇಳಬೇಡಿ. ಕೆರಳಿದ ಹೊತ್ತಿನಲ್ಲಿ ಮಾತು ಮೂರು ಪದ ದಾಟದಿರಲಿ, ಎದುರಾಗಿ ನಿಲ್ಲದೆ ಓರೆಯಾಗಿ ನಿಲ್ಲಿ. ಜೋರಾದರೆ ಅವನನ್ನು ಎಳೆದುಕೊಂಡು ಹೋಗುವುದಕ್ಕಿಂತ ಉಳಿದ ಆರು ಮಕ್ಕಳನ್ನು ಹೊರಗೆ ಕಳಿಸುವುದು ಸುಲಭ, ಸುರಕ್ಷಿತ.

ಯಾವ ಸಂದರ್ಭದಲ್ಲೂ ಬೋರಲು ಮಲಗಿಸಿ ಹಿಡಿಯಬೇಡಿ, ಬೆನ್ನು ಎದೆಯ ಮೇಲೆ ಭಾರ ಹಾಕಬೇಡಿ. ಉಸಿರು ಕಟ್ಟಿ ಮಕ್ಕಳು ಸತ್ತಿದ್ದಾರೆ.

ಸುಮ್ಮನಾದ ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತಾರಲ್ಲ, ಹಾಗೆ. ನಿಜಕ್ಕೂ ಜೋರಾದ ಘಟನೆಯಾದ ಮೇಲೆ ಅರ್ಧ ಗಂಟೆ ಹೊಸದೇನೂ ಕೇಳಬೇಡಿ, ಬಿಲ್ಲೆ ಜೋಡಿಸುವಂಥ ಸುಲಭದ್ದು ಕೊಡಿ. ಉಸಿರು, ಭುಜ, ಮುಷ್ಟಿ ನೋಡಿ, ಗಡಿಯಾರವನ್ನಲ್ಲ. ಮಣಿಕಟ್ಟಿನ ಚರ್ಮ ಒಡೆದಿದ್ದರೆ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಮನೆಗೆ ತಿಳಿಸಿ, ವೈದ್ಯರಿಗೆ ತೋರಿಸಲು ಹೇಳಿ.

ಸೀಮೆಸುಣ್ಣ

20–30 ಸೆಕೆಂಡಿನ ದಾರಿಯನ್ನೇ ಹಿಡಿಯುತ್ತೇನೆ. ಎರಡು ಅನುಮಾನ. ಬೇರೆ ಮಕ್ಕಳೂ ‘ನನಗೂ ಕಾರ್ಡ್’ ಅಂದರೆ? ಸಹಾಯಕಿ ಬದಲಾದ ದಿನ ಏನು ಮಾಡುವುದು? ಟ್ಯಾಬ್ ವಿಷಯವೂ ಬಾಕಿ ಇದೆ.

ಹಗಲುದೀಪ

ಕೇಳಿದವರಿಗೆಲ್ಲ ಕೊಡಿ, ಅವರಿಗೆ ಎಣಿಕೆ ಇಡಿ: ಒಂದು ಪೀರಿಯಡ್‌ಗೆ ಎರಡು ಕಾರ್ಡ್. ಮೊದಲ ಎರಡು ದಿನ ಎಲ್ಲರೂ ಬಳಸುತ್ತಾರೆ, ಆಮೇಲೆ ಬೇಕಾದವರು ಮಾತ್ರ.

ಟ್ಯಾಬ್‌ಗೆ: ಒಂದು ನಿಮಿಷ ಮುಂಚೆ ಟೈಮರ್ ತೋರಿಸಿ, ಹೊತ್ತು ಮುಗಿದಾಗ ಕಿತ್ತುಕೊಳ್ಳದೆ ಒಂದು ಡಬ್ಬಿ ಮುಂದೆ ಹಿಡಿದು ಅವನೇ ಹಾಕುವಂತೆ ಮಾಡಿ, ಹಾಕಿದ ಕೂಡಲೇ ಬೇರೊಂದು ಇಷ್ಟದ ವಸ್ತು. ಟ್ಯಾಬ್ ಆದ ತಕ್ಷಣ ಬರೆಯುವ ಪೀರಿಯಡ್ ಇದ್ದರೆ ಮೊದಲು ಆ ಟೈಮ್‌ಟೇಬಲ್ ಬದಲಿಸಿ.

ಸಹಾಯಕಿಗೆ ಯೋಜನೆಯನ್ನು ಬಾಯಲ್ಲಿ ಹೇಳಿದರೆ ಸಾಲದು. ಒಂದೇ ಹಾಳೆಯಲ್ಲಿ ಐದು ಸಾಲು ಬರೆದು ಅವನ ಮೇಜಿನ ಹಿಂದಿನ ಗೋಡೆಗೆ ಅಂಟಿಸಿ: 15 ಸೆಕೆಂಡಿಗೆ ಕಾರ್ಡ್; ಕಾರ್ಡ್ ಕೊಟ್ಟರೆ 2 ನಿಮಿಷ; ತಳ್ಳಿದರೆ 20 ಸೆಕೆಂಡ್, ಮಾತಿಲ್ಲ; ವಾಪಸ್ ಬಂದರೆ ಮೂರು ಸುಲಭದ ಮಾತು; ಇಂದಿನ ಅಕ್ಷರ ಎಷ್ಟು. ಕೊನೆಯ ಸಾಲಿನ ಅಂಕಿಯನ್ನು ದಿನಾ ಬೆಳಿಗ್ಗೆ ಪೆನ್ಸಿಲಿನಲ್ಲಿ ಬರೆಯಿರಿ.

ದಿನದ ಘಟನೆಗಳನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿ, ಯೋಜನೆ ಶುರುವಾದ ದಿನಕ್ಕೆ ಒಂದು ನೇರ ಗೆರೆ. ಎರಡು ವಾರವಾದರೂ ಚುಕ್ಕೆ ಇಳಿಯದಿದ್ದರೆ ಮೊದಲು ಐದು ಸಾಲನ್ನು ಇಬ್ಬರೂ ಹಾಗೆಯೇ ಪಾಲಿಸುತ್ತಿದ್ದೀರಾ ಎಂದು ಒಬ್ಬರು ಇನ್ನೊಬ್ಬರನ್ನು ನೋಡಿ ಟಿಕ್ ಹಾಕಿ, ಆಮೇಲೆ ಆಟಿಕೆಗಳ ಪಟ್ಟಿ ಮತ್ತೆ ಮಾಡಿ, ಕೊನೆಗೆ ಕಾರಣದ ಊಹೆಯೇ ತಪ್ಪೇ ಎಂದು ಎಬಿಸಿ ದಾಖಲೆಗೆ ವಾಪಸ್ ಹೋಗಿ. ಎರಡನೇ ವಾರದ ಅಂಕಿಗಳನ್ನು ಇಲ್ಲೇ ಹಾಕಿ, ನೋಡುತ್ತೇವೆ.